ಎಲೆಗೆ ಬಿಸಿಲು ತಾಗಬಾರದು

ನಮ್ಮ ಮನೆಯಲ್ಲಿ ಬೈಸಿಕೊಳ್ಳಲು ಕಾರಣಗಳು ಬಹಳ ಇರಲಿಲ್ಲ. ಪರೀಕ್ಷೆಯಲ್ಲಿ ನಪಾಸಾದರೂ ಅವ್ವ ಒಂದು ಹೊತ್ತು ಮುಖ ಊದಿಸಿಕೊಂಡು ಬಿಟ್ಟುಬಿಡುತ್ತಿದ್ದಳು. ಎಲೆ ಖೋಲಿಯ ಬಾಗಿಲು ತೆರೆದಿಟ್ಟು ಬಂದರೆ ಮಾತ್ರ ಬೆನ್ನಿಗೆ ಗುದ್ದು ಖಾತ್ರಿ. "ಬಾಗಲಾ ಹಾಕು, ಎಲಿಗೆ ಬಿಸಲ ತಾಗತೈತಿ" ಎಂಬ ಕೂಗನ್ನು ಕೇಳುತ್ತಲೇ ನಾನು ಮಾತು ಕಲಿತೆ ಎಂದರೂ ತಪ್ಪಿಲ್ಲ.

ಸವಣೂರಿನ ವೀಳ್ಯದೆಲೆ ದೂರದ ಊರುಗಳಿಗೆ ಹೋಗುವ ಮಾಲು. ಅದರ ಬಳ್ಳಿ ಬೆಳೆಯುವುದೇ ಮರದ ನೆರಳಿನಲ್ಲಿ. ಕೊಯ್ದ ಮೇಲಂತೂ ಎಲೆಗೆ ಹಸುಗೂಸಿನ ಆರೈಕೆ. ನಸುಕಿನಲ್ಲಿ ಕೊಯ್ದದ್ದು ಬಿಸಿಲೇರುವ ಮೊದಲೇ ಖೋಲಿ ಸೇರಬೇಕು. ಅಲ್ಲಿ ಹೆಂಗಸರು ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಕುಳಿತು, ತೂತು ಬಿದ್ದದ್ದನ್ನೂ ಮಚ್ಚೆ ಬಂದದ್ದನ್ನೂ ಆರಿಸಿ ತೆಗೆದು, ಅಳತೆ ನೋಡಿ ಬೇರೆ ಮಾಡಿ, ಒಂದರ ಮೇಲೊಂದು ಹೊಂದಿಸಿ ಕಟ್ಟು ಕಟ್ಟುತ್ತಾರೆ. ನೀರು ಚಿಮುಕಿಸಿ, ಬಾಳೆಲೆ ಸುತ್ತಿ, ಬುಟ್ಟಿಗೆ ತುಂಬುತ್ತಾರೆ. ಕಿಟಕಿಗಳಿಗೆಲ್ಲ ಒದ್ದೆ ತಟ್ಟಿನ ಪರದೆ. ಇರುವುದೊಂದೇ ಬಾಗಿಲು, ಅದೂ ಮುಚ್ಚಿದ್ದು. ಹೊರಗೆ ಊರು ಸುಡುತ್ತಿದ್ದರೂ ಒಳಗೆ ತಂಪು, ಒಂದು ಬಲ್ಬಿನ ಬೆಳಕು, ಹಸಿ ಎಲೆಯ ಖಾರ ಖಾರ ವಾಸನೆ.

ಆ ಖೋಲಿಯ ನಡುವಿನ ಕಂಬದ ಬುಡ ಅವ್ವನ ಜಾಗ. ನಾನು ಮೊಲೆ ಕುಡಿಯುವ ಕೂಸಾಗಿದ್ದಾಗಿನಿಂದ ಅವಳು ಅಲ್ಲಿಯೇ ಕೂತಿದ್ದಾಳೆ, ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎತ್ತಿ. ಎಲೆಯನ್ನು ಅವಳು ಕಣ್ಣಿನಿಂದ ನೋಡುವುದು ಕಡಿಮೆ. ಹೆಬ್ಬೆರಳಿನಿಂದ ಒಮ್ಮೆ ಸವರಿದರೆ ಮುಗಿಯಿತು, ಎಳೆಯದೋ ಬಲಿತದ್ದೋ ತಿಳಿಯುತ್ತದೆ. ಮದುವೆ ಮುಂಜಿವೆಗೆ ಬೇಕಾದ ಆಯ್ದ ಎಲೆಯ ಕಟ್ಟು ಅವಳ ಕೈಯದೇ ಆಗಬೇಕೆಂದು ಕೇಳುವವರಿದ್ದರು. ಅಪ್ಪ ತೀರಿಕೊಂಡಾಗಲೂ ಸೂತಕದ ದಿನಗಳು ಮುಗಿದ ಮರುದಿನ ಅವಳು ಹೋಗಿ ಕೂತದ್ದು ಆ ಕಂಬದ ಬುಡದಲ್ಲಿಯೇ. ಮನೆಯಲ್ಲಿ ಅತ್ತದ್ದಕ್ಕಿಂತ ಹೆಚ್ಚು ಅಲ್ಲಿ ಅತ್ತಳು ಎಂದು ಪಕ್ಕದಲ್ಲಿ ಕೂರುವ ಚಾಚಿ ನನಗೆ ಹೇಳಿದ್ದಳು. ಚಾಚಿ ನಮ್ಮ ಓಣಿಯವಳೇ, ಅವ್ವನ ಓರಗೆಯವಳು. ಇಬ್ಬರೂ ಮದುವೆಯಾಗಿ ಬಂದ ಹೊಸತರಲ್ಲಿ ಒಟ್ಟಿಗೆ ಎಲೆ ಹಿಡಿಯಲು ಕಲಿತವರು, ಅಂದಿನಿಂದ ಜಗಳವಾಡುತ್ತ ಜೊತೆಗೇ ಇದ್ದಾರೆ.

ನಾನು ಈಗ ಶಿಗ್ಗಾಂವದಲ್ಲಿ ಮನೆ ಮಾಡಿಕೊಂಡು ಹುಲಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವ್ವ ಸವಣೂರಿನಲ್ಲಿ ತಮ್ಮನ ಸಂಸಾರದ ಜೊತೆಗಿದ್ದಾಳೆ. ತಮ್ಮ ಟಂಟಂ ರಿಕ್ಷಾ ಓಡಿಸುತ್ತಾನೆ. ಮನೆಯಿಂದ ಎಲೆ ಖೋಲಿಗೆ ಓಣಿ ದಾಟಿದರೆ ಸಾಕು. ಅವ್ವ ಹೋಗುವಾಗ ಇನ್ನೂ ಮಬ್ಬು, ಬರುವಾಗ ದೀಪ ಹಚ್ಚುವ ಹೊತ್ತು.

ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಅವ್ವನಿಗೆ ಏಳುವುದು ಕಷ್ಟವಾಗತೊಡಗಿತು. ಕೂತರೆ ತೊಂದರೆಯಿಲ್ಲ, ಏಳುವಾಗ ಕಂಬ ಹಿಡಿಯಬೇಕು. ಆಮೇಲೆ ಕಂಬವೂ ಸಾಲದೆ ಯಾರಾದರೂ ಕೈ ಕೊಡಬೇಕಾಯಿತು. ನಾನು ಹೋದಾಗ ನನ್ನ ಕೈ, ಉಳಿದ ದಿನ ಸೊಸೆಯ ಕೈ. "ಕುಂತ್ರ ರಾಣಿ ಆಗೇನಿ, ಎದ್ರ ಮುದುಕಿ ಆಗೇನಿ" ಎಂದು ಅವ್ವ ನಗುತ್ತಿದ್ದಳು. ನಡೆಯುವಾಗ ಸೊಂಟ ಅತ್ತಿತ್ತ ವಾಲುತ್ತಿತ್ತು. "ಏ, ಬಾತುಕೋಳಿ ಹಂಗ ನಡ್ಯಾಕತ್ತಿ" ಎಂದು ಚಾಚಿ ಹಂಗಿಸುತ್ತಿದ್ದಳು. ಆದರೆ ರಾತ್ರಿ ತೊಡೆ ನೋವಿಗೆ ಅವ್ವ ಹಲ್ಲು ಕಚ್ಚುತ್ತಾಳೆ, ಮೊಮ್ಮಗ ಕಾಲ ಮೇಲೆ ಕೂತರೆ ತಡೆದುಕೊಳ್ಳುವುದಿಲ್ಲ ಎಂದು ತಮ್ಮನ ಹೆಂಡತಿ ನನಗೆ ಫೋನಿನಲ್ಲಿ ಹೇಳಿದಳು.

ಇಂಥ ನೋವಿಗೆ ನಮ್ಮ ಕಡೆ ಒಂದೇ ಹೆಸರು: ವಾತ. ಹೆಸರು ಒಂದಾದರೂ ಮದ್ದು ಹೇಳುವವರು ಮಾತ್ರ ಮನೆಗೊಬ್ಬರು. ಬದನೆಕಾಯಿ ಬಿಡಿಸಿದರು, ಬಟಾಟೆ ಬಿಡಿಸಿದರು. ಹಾನಗಲ್ಲ ಕಡೆಯಿಂದ ಯಾರೋ ಎಣ್ಣೆ ತಂದುಕೊಟ್ಟರು, ಹಿರೇಕೆರೂರಿನ ಬೀಗರು ಎಕ್ಕದ ಎಲೆ ಕಾಸಿ ಕಟ್ಟಿರೆಂದರು. ಚಾಚಿ ಹುಲಗೂರಿನ ದರ್ಗಾಕ್ಕೆ ಕರೆದುಕೊಂಡು ಹೋಗಿ ಸಕ್ಕರೆ ಓದಿಸಿಕೊಂಡು ಬಂದಳು. ಅದರ ಬಗ್ಗೆ ನನ್ನ ತಕರಾರಿಲ್ಲ. ಆ ದಿನ ಅವ್ವ ಬಹಳ ದಿನಗಳ ಮೇಲೆ ನಗುತ್ತ ಮನೆಗೆ ಬಂದಿದ್ದಳಂತೆ. ನನ್ನ ತಕರಾರು ಇರುವುದು ಎಲ್ಲರೂ ಸೇರಿ ಹೇಳಿದ ಇನ್ನೊಂದು ಮಾತಿನ ಮೇಲೆ: ಗಾಳಿ ಬಿಸಿಲಿಗೆ ಹೋಗಬೇಡ, ಬೆಚ್ಚಗೆ ಹೊದ್ದುಕೊಂಡು ಒಳಗಿರು. ಆದರೆ ಆ ಮಾತು ತಪ್ಪೆಂದು ಆಗ ನನಗೂ ಗೊತ್ತಿರಲಿಲ್ಲ. ನಾನೇ ಒಂದು ಉಣ್ಣೆಯ ಶಾಲು ತಂದು ಹೊದಿಸಿದ್ದೆ.

ದೀಪಾವಳಿಯ ಮುಂದೆ ಎಲೆಯ ಸಾವಕಾರರು ಖೋಲಿಗೆ ಬಂದವರು ಅವ್ವ ಏಳುವುದನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ. ಮೆಲ್ಲಗೆ ಹೇಳಿದರು: "ಯವ್ವಾ, ನಿನಗೂ ವಯಸ್ಸಾತು. ಯುಗಾದಿ ಮಟಾ ನೋಡು, ಆಗಲಿಲ್ಲಂದ್ರ ಮನ್ಯಾಗ ಆರಾಮ ಇದ್ದಬಿಡು. ಆ ಜಾಗಾಕ್ಕ ಬ್ಯಾರೆ ಯಾರನ್ನರ ನೋಡ್ತೇನಿ."

ಮುಂದಿನ ಭಾನುವಾರ ನಾನು ಹೋದಾಗ ಅವ್ವ ಇದನ್ನು ಹೇಳಿದಳು. ಹೇಳುವಾಗ ಅಳಲಿಲ್ಲ, ರೊಟ್ಟಿಯ ಹಿಟ್ಟು ನಾದುತ್ತಿದ್ದಳು. "ಕೂಲಿ ಹ್ವಾದ್ರ ಹೋಗಲಿ. ನೀವು ಇಬ್ರೂ ದುಡೀತೀರಿ, ನನಗೇನ ಕಡಿಮಿ ಮಾಡಂಗಿಲ್ಲ. ಆದ್ರ ಆ ಕಂಬದ ಬುಡಕ್ಕ ಮತ್ತೊಬ್ಬಾಕಿ ಕುಂತಿದ್ದನ್ನ ನಾ ನೋಡಂಗಿಲ್ಲ." ಹಿಟ್ಟನ್ನು ಅಗತ್ಯಕ್ಕಿಂತ ಜೋರಾಗಿ ಗುದ್ದಿದಳು. ಮರುದಿನವೇ ಶಾಲೆಗೆ ರಜೆ ಹಾಕಿ ಅವಳನ್ನು ಶಿಗ್ಗಾಂವಕ್ಕೆ ಕರೆತಂದೆ.

ನಾವು ಹೋದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಈ ಕಡೆಯವಳೇ. ಬಹಳ ಮಾತಿಲ್ಲ. ಅವ್ವನನ್ನು ಕುರ್ಚಿಯಲ್ಲಿ ಕೂಡಿಸಿ, "ಅವ್ವಾರ, ಕೈ ಊರಲಾರ್ದ ಎದ್ದ ನಿಂದರ್ರಿ ನೋಡೂಣು" ಎಂದಳು. ಅವ್ವ ಮುಂದಕ್ಕೆ ಬಾಗಿದಳು, ಒಂದು ಗೇಣು ಎದ್ದಳು, ಧೊಪ್ಪನೆ ಕೂತಳು. ಇನ್ನೊಮ್ಮೆ. ಮತ್ತೆ ಧೊಪ್ಪನೆ ಕೂತಳು. ನಾಚಿಕೊಂಡು ನನ್ನ ಕಡೆ ನೋಡಿ ನಕ್ಕಳು. ನನಗೆ ನಗಲು ಆಗಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಡಾಕ್ಟರು ಮೊಣಕಾಲಿನ ಕೆಳಗಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿದಾಗ ಅವ್ವ ಕಿರುಚಿಬಿಟ್ಟಳು.

"ಏನ ಕೆಲಸ ಮಾಡ್ತೀರಿ?"

"ಎಲಿ ಕಟ್ತೇನ್ರಿ."

"ಎಲ್ಲಿ ಕುಂತು?"

ಅವ್ವ ಖೋಲಿಯ ವರ್ಣನೆ ಮಾಡಿದಳು. ಎಂಥ ತಂಪು, ಹೇಗೆ ಒಂದು ಕಿರಣವೂ ಒಳಗೆ ಬರದಂತೆ ಕಾಪಾಡುತ್ತಾರೆ, ಅಂಥ ಖೋಲಿ ಇಡೀ ಸವಣೂರಿನಲ್ಲಿ ಇನ್ನೊಂದಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರು ಕೇಳುತ್ತ ಕೇಳುತ್ತ ರಕ್ತಪರೀಕ್ಷೆಯ ಚೀಟಿ ಬರೆದಳು.

ಸಂಜೆ ಫಲಿತಾಂಶ ಬಂತು. ವಿಟಮಿನ್ ಡಿ ತೀರಾ ತಳಕ್ಕೆ ಇಳಿದಿತ್ತು.

"ಇದು ವಾತ ಅಲ್ರಿ," ಡಾಕ್ಟರು ಹೇಳಿದಳು. "ನೀವು ಉಂಡಿದ್ದರಾಗಿನ ಕ್ಯಾಲ್ಸಿಯಂ ಮೈಗೆ ಹತ್ತಬೇಕಂದ್ರ ಈ ವಿಟಮಿನ್ ಬೇಕು. ಅದು ಕಡಿಮಿ ಆತಂದ್ರ ಎಲುವು ಮೆತ್ತಗಾಗತಾವ, ತೊಡ್ಯಾಗಿನ ಶಕ್ತಿ ಹೊಕ್ಕೈತಿ. ಅದಕ್ಕ ನಿಮಗ ಏಳಾಕ ಆಗವಲ್ದು. ಇದನ್ನ ನಮ್ಮ ಚರ್ಮಾನ ತಯಾರ ಮಾಡ್ಕೊಂತೈತಿ, ಮೈ ಮ್ಯಾಲ ಬಿಸಲ ಬಿದ್ರ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಬಿಸಲ ಕಡಿಮಿ ಆಗೇತೇನ್ರಿ? ಸವಣೂರಾಗ? ಬ್ಯಾಸಗ್ಯಾಗ ಒಮ್ಮೆ ಬಂದ ನೋಡ್ರಿ, ನೆಲದ ಮ್ಯಾಲ ರೊಟ್ಟಿ ಸುಡತಾವ."

"ಊರಾಗ ಐತ್ರಿ ಅವ್ವಾರ. ನಿಮ್ಮ ಮೈ ಮ್ಯಾಲ ಎಲ್ಲೈತಿ?"

ಅವ್ವನ ನಗು ನಿಂತಿತು. ನಾನು ನಡುವೆ ಬಾಯಿ ಹಾಕಿದೆ. ಇಷ್ಟು ವರ್ಷ ಪಾಠ ಮಾಡಿದವಳಲ್ಲವೇ, ಸುಮ್ಮನಿರಲು ಬರುವುದಿಲ್ಲ. ದಿನಾ ಬೆಳಿಗ್ಗೆ ಎಳೆಬಿಸಿಲಿನಲ್ಲಿ ನಿಲ್ಲಿಸುತ್ತೇನೆ ಎಂದೆ. ಡಾಕ್ಟರು ತಲೆಯಾಡಿಸಿದಳು. ಹೊತ್ತು ಮೂಡುವಾಗಿನ ಬಿಸಿಲು ಮೈಗೆ ಹಿತ, ಆದರೆ ಈ ಕೆಲಸ ಮಾಡುವ ಕಿರಣ ಅದರಲ್ಲಿ ಬಹಳ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡವಾಗುವ ಹೊತ್ತಿನ ಬಿಸಿಲು ಬೇಕು, ಅದೂ ಬರಿಗೈ ಬರಿಗಾಲಿನ ಮೇಲೆ ಬೀಳಬೇಕು, ಗಾಜಿನ ಕಿಟಕಿಯ ಹಿಂದೆ ಕೂತರೆ ಪ್ರಯೋಜನವಿಲ್ಲ, ಹಾಗೆಂದು ಮೈ ಸುಡುವ ತನಕ ಕೂರುವುದೂ ಬೇಡ ಎಂದು ಬಿಡಿಸಿ ಹೇಳಿದಳು. "ಇವರಿಗೆ ಬರೇ ಬಿಸಲಿನಿಂದ ಈಗ ಆಗಂಗಿಲ್ಲ. ಭಾಳ ಖಾಲಿ ಆಗೇತಿ. ಮೊದಲ ಔಷಧದಿಂದ ತುಂಬಸಬೇಕು."

ಕೊಟ್ಟದ್ದು ಪುಟ್ಟ ಪೊಟ್ಟಣಗಳಲ್ಲಿನ ಪುಡಿ. ವಾರಕ್ಕೊಂದು, ಊಟದ ಹೊತ್ತಿಗೆ ಒಂದು ಲೋಟ ಹಾಲಿನಲ್ಲಿ ಕಲಸಿ ಕುಡಿಯಬೇಕು. ಜಿಡ್ಡಿನ ಜೊತೆ ಹೋದರೆ ಚೆನ್ನಾಗಿ ಹತ್ತುತ್ತದೆಯಂತೆ. ಬೇಗ ಗುಣವಾಗಲೆಂದು ದಿನಾ ಕುಡಿದರೆ ಕೆಡುಕಾಗುತ್ತದೆ ಎಂದು ಬೆರಳೆತ್ತಿ ಹೇಳಿದಳು. ಜೊತೆಗೆ ಕ್ಯಾಲ್ಸಿಯಂ ಗುಳಿಗೆ. ಎರಡು ತಿಂಗಳಾದ ಮೇಲೆ ಮತ್ತೆ ರಕ್ತ ನೋಡೋಣ ಎಂದಳು. ನಾವು ಏಳುವಾಗ ಅವಳ ಕಣ್ಣು ನನ್ನ ಕೊಡೆಯ ಮೇಲೆ, ಮೊಣಕೈ ದಾಟಿ ಏರಿದ ನನ್ನ ಕೈಗವಸುಗಳ ಮೇಲೆ ಬಿತ್ತು. ಬಸ್ ಸ್ಟ್ಯಾಂಡಿಗೆ ಹೋಗಿ ಬರುವಾಗ ಕಪ್ಪಾಗಬಾರದೆಂದು ನಾನು ಹಾಕಿಕೊಳ್ಳುವಂಥವು.

"ಮೇಡಂ, ನಿಮ್ದೂ ಒಮ್ಮೆ ನೋಡೂಣೇನ್ರಿ?"

"ನನಗೇನಾಗೇತ್ರಿ" ಎಂದು ಕೊಡೆ ಬಿಚ್ಚಿಕೊಂಡು ಹೊರಬಿದ್ದೆ.

ಬಸ್ಸಿನಲ್ಲಿ ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಬೇಡಿ, ನನ್ನ ಸಿಟ್ಟಿಗೆ ಅಂಥ ನಿಯಮಗಳಿಲ್ಲ. ಸೊಟ್ಟ ಕಾಲಿನ ಮಗುವಿನ ಚಿತ್ರವನ್ನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದು, ಇದು ವಿಟಮಿನ್ ಡಿ ಕೊರತೆ, ಸೂರ್ಯನಿಂದ ಪುಕ್ಕಟೆ ಸಿಗುತ್ತದೆ ಎಂದು ಹೇಳಿಕೊಟ್ಟವಳು ನಾನು. ಮಕ್ಕಳಿಗೆ ಬರುವ ರೋಗ ಎಂದು ಮಾತ್ರ ತಿಳಿದಿದ್ದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ, ಹಾನಗಲ್ಲಿನ ಎಣ್ಣೆಯೇನು, ಹಿರೇಕೆರೂರಿನ ಎಕ್ಕವೇನು. ಪಕ್ಕದಲ್ಲಿ ಅವ್ವ ಕಿಟಕಿಯ ಗಾಜಿಗೆ ಕೆನ್ನೆ ಒತ್ತಿ ಆರಾಮವಾಗಿ ನಿದ್ದೆ ಮಾಡುತ್ತಿದ್ದಳು.

ಆಮೇಲೆ ಪ್ರತಿ ವಾರ ಫೋನ್ ಮಾಡುತ್ತಿದ್ದೆ. ಪುಡಿ ಹಾಕಿದೆಯಾ? ಹೂಂ, ಹಾಕೇನಿ. ಗುಳಿಗೆ ತಗೊಂಡೆಯಾ? ಹೂಂ. ನೋವು ಹೇಗಿದೆ? ಐತಿ, ಇರಲಿ. ಸಂಕ್ರಾಂತಿ ಕಳೆದು ಮತ್ತೆ ಶಿಗ್ಗಾಂವಕ್ಕೆ ಕರೆತಂದಾಗಲೂ ಅವಳಿಗೆ ಕೈ ಊರದೆ ಕುರ್ಚಿಯಿಂದ ಏಳಲಾಗಲಿಲ್ಲ. ರಕ್ತದ ಫಲಿತಾಂಶ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದಳು. ಏರಿದ್ದು ಹೆಸರಿಗೆ ಮಾತ್ರ.

"ತಪ್ಪಲಾರ್ದ ತಗೊಂಡೀರೇನ್ರಿ?"

"ಒಂದ ವಾರಾನೂ ತಪ್ಪಿಸಿಲ್ರಿ, ದೇವ್ರಾಣಿ" ಎಂದಳು ಅವ್ವ. ಸುಳ್ಳು ಹೇಳುವವಳಲ್ಲ ಎಂದು ನಾನೂ ಸಾಕ್ಷಿ ನುಡಿದೆ.

ಹಾಗಾದರೆ ಕರುಳು ಅದನ್ನು ಹೀರಿಕೊಳ್ಳುತ್ತಿಲ್ಲವೋ ಏನೋ, ಹುಬ್ಬಳ್ಳಿಗೆ ಹೋಗಿ ಹೆಚ್ಚಿನ ತಪಾಸಣೆ ಮಾಡಿಸುವುದು ಒಳ್ಳೆಯದು ಎಂದಳು ಡಾಕ್ಟರು. ಕರುಳು, ಹುಬ್ಬಳ್ಳಿ, ತಪಾಸಣೆ ಎಂಬ ಮಾತುಗಳು ಒಟ್ಟಿಗೆ ಬಂದರೆ ನಮ್ಮಂಥವರ ಮನಸ್ಸು ಎಲ್ಲಿಗೆ ಓಡುತ್ತದೆ ಎಂದು ಹೇಳಬೇಕಾಗಿಲ್ಲ. ಸವಣೂರಿನ ದಾರಿಯುದ್ದಕ್ಕೂ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಅವ್ವ ಮಾತ್ರ ಎರಡು ಸಲ ನನ್ನ ತೋಳು ಮುಟ್ಟಿ, ಏನೋ ಹೇಳಲು ಬಾಯಿ ತೆರೆದು, ಸುಮ್ಮನಾದಳು. ಹೆದರಿದ್ದಾಳೆಂದುಕೊಂಡೆ.

ಬಸ್ಸಿಳಿದವಳು ಮನೆಗೆ ಹೋಗದೆ ನೇರ ಎಲೆ ಖೋಲಿಗೆ ನಡೆದಳು. ನಾನೂ ಹಿಂದೆ ಹೋದೆ. ಚಹಾದ ಹೊತ್ತು. ದಿನಾ ಹಾಗೆಯೇ, ಮೂಲೆಯ ಅಂಗಡಿಯಿಂದ ಒಂದು ದೊಡ್ಡ ಕಿಟ್ಲಿಯಲ್ಲಿ ಚಹಾ ಬರುತ್ತದೆ, ಎಲ್ಲರೂ ಹಂಚಿಕೊಳ್ಳುತ್ತಾರೆ. ಆ ಖೋಲಿಯಲ್ಲಿ ಒಬ್ಬರೇ ತಿನ್ನುವ ಪದ್ಧತಿಯೇ ಇಲ್ಲ. ಬುತ್ತಿಗಳನ್ನು ನಡುವೆ ಇಟ್ಟು ಬಿಚ್ಚುತ್ತಾರೆ. ಯಾರಾದರೂ ಒಂದು ಬೆಲ್ಲದ ತುಂಡು ತಂದರೆ ಅದನ್ನೂ ಜಜ್ಜಿ ಪಾಲು ಮಾಡುತ್ತಾರೆ. ಚಿಕ್ಕಂದಿನಲ್ಲಿ ನಾನೊಮ್ಮೆ ಪೇರಲ ಹಣ್ಣನ್ನು ಮೂಲೆಗೆ ಹೋಗಿ ತಿಂದದ್ದಕ್ಕೆ ಇಡೀ ಖೋಲಿ ಒಂದು ವಾರ ನನ್ನನ್ನು ಆಡಿಕೊಂಡಿತ್ತು.

ಚಾಚಿ ಚಹಾದ ಬಸಿ ನನ್ನ ಕೈಗಿತ್ತು ಕೇಳಿದಳು: "ಬೇಟಿ, ಡಾಕ್ಟರು ಪುಡಿ ಮತ್ತ ಕೊಟ್ರೇನ? ಮುಗದೈತಿ. ಅದನ್ನ ಹಾಕಿದ ದಿನಾ ಚಹಾಕ್ಕ ಬಿಸ್ಕಿಟ್ ವಾಸನಿ ಬರ್ತಿತ್ತು ನೋಡು."

ನಾನು ಬಸಿ ಕೆಳಗಿಟ್ಟೆ.

"ಚಹಾಕ್ಕ?"

ಅವ್ವ ಕಂಬದ ಬುಡದಲ್ಲಿ ಕೂತು ಎಲೆಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು. ಯಾವತ್ತೂ ಎಲೆಯನ್ನು ಅಷ್ಟು ಕಣ್ಣಿಟ್ಟು ನೋಡಿದವಳಲ್ಲ.

ವಾರಕ್ಕೊಂದು ಪೊಟ್ಟಣ ತಪ್ಪದೆ ಹಾಕಿದ್ದಳು, ಅದು ಸುಳ್ಳಲ್ಲ. ಹಾಕಿದ್ದು ಮಾತ್ರ ಎಲ್ಲರ ಕಿಟ್ಲಿಗೆ.

ನನ್ನ ಬಾಯಿಂದ ಆಗ ಏನೇನು ಬಂತೋ ಎಲ್ಲ ಬರೆಯಲಾರೆ. ಹುಚ್ಚು ಹಿಡಿದಿದೆಯಾ ಎಂದೆ. ಔಷಧವೆಂದರೆ ಮಂಡಕ್ಕಿಯಾ ಎಂದೆ. ಹುಬ್ಬಳ್ಳಿಯ ಹೆಸರು ಕೇಳಿ ದಾರಿಯುದ್ದಕ್ಕೂ ನಾನು ಸತ್ತು ಸತ್ತು ಬಂದೆನಲ್ಲ, ಒಂದು ಮಾತು ಹೇಳಬಾರದಾ ಎಂದೆ. ಕೊನೆಗೆ ಅಳು ಬಂತು. ಸಿಟ್ಟಿನಲ್ಲಿ ಅಳು ಬರುವುದು ನನ್ನ ದೊಡ್ಡ ದೌರ್ಬಲ್ಯ, ಎದುರಿನವರಿಗೆ ಅದರಿಂದ ಧೈರ್ಯ ಬರುತ್ತದೆ.

ಅವ್ವನಿಗೂ ಬಂತು. "ಮತ್ತೇನ ಮಾಡ್ಲಿ? ಊಟದ ಹೊತ್ತಿನ್ಯಾಗ ಹಾಲಾಗ ಹಾಕ್ಕೊಂಡ ಕುಡಿ ಅಂದ್ರು. ಇವರೆಲ್ಲಾ ಒಣ ರೊಟ್ಟಿ ಮುರೀವಾಗ ನಾ ಒಬ್ಬಾಕೀನ ಹಾಲು ಕುಡೀಲೇನು? ಹಂಚಿ ಉಂಡ್ರ ಹಸಿವಿಲ್ಲ ಅಂತಾರ. ಅಲ್ದ, ನನಗೊಬ್ಬಾಕಿಗೇ ಐತೇನ ನೋವು? ಕೇಳು ಅವರನ್ನ. ಎಲ್ಲಾರಿಗೂ ಐತಿ."

ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಾಗಿಲ ಬಳಿ ಗೋಡೆಗೆ ಒರಗಿ ಮುಖ ತಿರುಗಿಸಿ ಕೂತೆ. ಕೆಲಸ ಮುಗಿಯಿತು. ಕೊನೆಯ ಬುಟ್ಟಿಗೆ ಬಾಳೆಲೆ ಮುಚ್ಚಿ ಹಗ್ಗ ಬಿಗಿದರು. ಮನೆಗೆ ಹೊರಡಲು ಎಲ್ಲರೂ ಎದ್ದರು. ಅವರು ಏಳುವುದನ್ನು ನಾನು ನೋಡಿದೆ.

ಚಾಚಿ ಮೊದಲು ಮೊಣಕಾಲೂರಿ, ತನ್ನ ತೊಡೆಯ ಮೇಲೆ ತಾನೇ ಕೈಯೊತ್ತಿ, ತನ್ನ ಮೈಯನ್ನೇ ಕೈಗಳಿಂದ ಹತ್ತುವವಳಂತೆ ಮೇಲೆದ್ದಳು. ಕಿಟಕಿಯ ಪಕ್ಕದವಳು ಸರಳು ಹಿಡಿದಳು. ಒಬ್ಬಳು ಬುಟ್ಟಿಯ ಅಂಚು ಹಿಡಿದು ಎದ್ದಳು, ಅವಳ ಭುಜ ಹಿಡಿದು ಇನ್ನೊಬ್ಬಳು. ನನ್ನ ಜೊತೆ ಕುಂಟಬಿಲ್ಲೆ ಆಡಿದ ಗೆಳತಿಯೊಬ್ಬಳಿದ್ದಾಳೆ, ನನ್ನದೇ ವಯಸ್ಸು. ಅವಳು ಗೋಡೆಗೆ ಅಂಗೈ ಊರಿ, ಮುಖ ಕಿವುಚಿ, ಬೆರಳುಗಳನ್ನು ಮೇಲೆ ಮೇಲೆ ಸರಿಸುತ್ತ ಎದ್ದಳು. ಏನನ್ನೂ ಹಿಡಿಯದೆ ಎದ್ದವರು ಯಾರೂ ಇರಲಿಲ್ಲ. ಈ ಖೋಲಿಯಲ್ಲಿ ಆಡಿ ಬೆಳೆದವಳು ನಾನು, ಇವರು ಹೀಗೆ ಏಳುವುದನ್ನು ಅದೆಷ್ಟು ಸಲ ನೋಡಿರಬೇಕು. ಕೂತು ಮಾಡುವ ಕೆಲಸ, ವಯಸ್ಸು, ವಾತ ಎಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅದರ ಜಾಗಕ್ಕೆ ಬಂದ ಸಂಕಟ ಅದಕ್ಕಿಂತ ಕೆಟ್ಟದ್ದಾಗಿತ್ತು.

ಮುಂದಿನ ಸಂತೆಯ ರಜೆಯ ದಿನ ತಮ್ಮನ ಟಂಟಂನಲ್ಲಿ ಎಲ್ಲರನ್ನೂ ತುಂಬಿಕೊಂಡು ಶಿಗ್ಗಾಂವಕ್ಕೆ ಹೋದೆವು. ಕಿಟ್ಲಿಯ ಕಥೆ ಕೇಳಿ ಡಾಕ್ಟರು ಮೊದಲು ನಕ್ಕಳು. ಆಮೇಲೆ ಸರಿಯಾಗಿ ಬೈದಳು. "ಔಷಧ ಹಂಚಬಾರದ್ರಿ. ಹಂಚಿದ್ರ ಯಾರಿಗೂ ಸಾಲಂಗಿಲ್ಲ. ಒಬ್ಬೊಬ್ಬರಿಗೆ ಒಂದೊಂದ ಲೆಕ್ಕ ಇರತೈತಿ." ಅದು ನಿಜವೂ ಆಯಿತು. ರಕ್ತ ನೋಡಿದಾಗ ಹೆಚ್ಚಿನವರಲ್ಲಿ ಕೊರತೆ ಇತ್ತು, ಆದರೆ ಎಲ್ಲರಲ್ಲೂ ಒಂದೇ ಸಮನಾಗಿರಲಿಲ್ಲ. ಒಬ್ಬಳಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿದ್ದ ಹಿನ್ನೆಲೆ ಇತ್ತು, ಅವಳಿಗೆ ಬೇರೆ ತಪಾಸಣೆ ಮಾಡಿಯೇ ಕೊಡಬೇಕೆಂದಳು. ನನ್ನ ಗೆಳತಿಯ ಮೊಣಕಾಲು ನೋವಿಗೆ ಕಾರಣವೇ ಬೇರೆ ಇತ್ತು. ಅವ್ವ ತಲೆ ತಗ್ಗಿಸಿ ಕೇಳಿದಳು. ಹುಬ್ಬಳ್ಳಿಯ ಮಾತು ಅಲ್ಲಿಗೇ ಬಿದ್ದುಹೋಯಿತು.

ಅವ್ವನಿಗೆ ಮತ್ತೆ ಮೊದಲಿನಿಂದ ಪುಡಿ ಶುರುವಾಯಿತು. ಈ ಸಲ ರಾತ್ರಿ ಊಟಕ್ಕೆ, ಮನೆಯಲ್ಲಿ, ಸೊಸೆಯ ಕಣ್ಣೆದುರಿಗೆ. ಆದರೆ ಪುಡಿ ಮುಗಿದ ಮೇಲೆ ಮತ್ತೆ ಅದೇ ಕತ್ತಲೆ ಖೋಲಿಯಾದರೆ ಮತ್ತೆ ಅದೇ ಗತಿ ಎಂದು ಡಾಕ್ಟರು ಎಚ್ಚರಿಸಿದ್ದಳು. ಬಿಸಿಲು ಬೇಕು. ಎಲ್ಲಿಂದ ತರುವುದು? ಎಲೆಯನ್ನು ಬಿಟ್ಟು ಹೊರಗೆ ಬರುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ಓಣಿಯ ಕಟ್ಟೆಯ ಮೇಲೆ ತೋಳು, ಕಾಲು ಬಿಟ್ಟುಕೊಂಡು ಕೂರಲು ಯಾವ ಹೆಂಗಸೂ ಒಪ್ಪುವುದಿಲ್ಲ, ಚಾಚಿಯಂತೂ ಬುರ್ಖಾ ಇಲ್ಲದೆ ಓಣಿ ದಾಟುವವಳಲ್ಲ.

ಖೋಲಿಯ ಹಿಂದೆ ಒಂದು ಹಿತ್ತಲಿದೆ. ಸುತ್ತ ಆಳೆತ್ತರದ ಹಳೆಯ ಮಣ್ಣಿನ ಗೋಡೆ, ಒಡೆದ ಬುಟ್ಟಿಗಳ ರಾಶಿ. ಅದರ ಬಾಗಿಲಿಗೆ ಬಿಸಿಲು ಬರಬಾರದೆಂದು ಯಾವ ಕಾಲದಲ್ಲೋ ಹಲಗೆ ಬಡಿದಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ನಾವು ಅಕ್ಷರಶಃ ಪಾಲಿಸಿಕೊಂಡು ಬಂದಿದ್ದೆವು. ತಮ್ಮ ಹಲಗೆ ಕಿತ್ತ, ಒಳಗಿನಿಂದ ಬಾಗಿಲಿಗೆ ದಪ್ಪ ತಟ್ಟಿನ ಎರಡು ಪರದೆ ಕಟ್ಟಿದ. ಒಂದು ಪರದೆ ದಾಟಿ, ಅದು ಬಿದ್ದ ಮೇಲೆ ಇನ್ನೊಂದನ್ನು ಎತ್ತಬೇಕು. ಬುತ್ತಿಗಳನ್ನು ಇನ್ನು ಮೇಲೆ ಹಿತ್ತಲಲ್ಲಿ ಬಿಚ್ಚುವುದು ಎಂದು ತೀರ್ಮಾನವಾಯಿತು.

ಮೊದಲ ದಿನ ಯಾರೂ ಹೋಗಲಿಲ್ಲ. ಎರಡನೆಯ ದಿನ ಹೋದವರು ಗೋಡೆಯ ನೆರಳಿಗೆ ಅಂಟಿಕೊಂಡು ತಿಂದು ಬಂದರು. ವರ್ಷಾನುಗಟ್ಟಲೆ ಬಿಸಿಲು ಕಂಡರೆ ಬಾಗಿಲು ಮುಚ್ಚಿದವರು, ಅವರ ಕಾಲು ತಾವಾಗಿಯೇ ನೆರಳಿಗೆ ಹೋಗುತ್ತಿದ್ದವು. ಅವ್ವನಂತೂ ಮೊದಮೊದಲು ಸೆರಗಿನಿಂದ ಕೈಗಳನ್ನು ಮುಚ್ಚಿಕೊಂಡು ಕೂರುತ್ತಿದ್ದಳಂತೆ. ಕೊನೆಗೆ ದಾರಿ ಮಾಡಿದವಳು ಚಾಚಿ. ಬುರ್ಖಾ ತೆಗೆದು ಗೋಡೆಗೆ ನೇತುಹಾಕಿ, ಅಂಗಿಯ ತೋಳು ಮೇಲಕ್ಕೆ ಮಡಚಿ, ಸಲವಾರು ಮೊಣಕಾಲಿಗೆ ಏರಿಸಿ ನಟ್ಟನಡುವೆ ಕಾಲು ಚಾಚಿ ಕೂತು, "ಬರ್ರೇ, ಹಪ್ಪಳಾ ಒಣಗಿಸೂಣು" ಎಂದಳಂತೆ. ಅವತ್ತು ಎಲ್ಲರೂ ಹಪ್ಪಳವಾದರು.

ಸಾವಕಾರರಿಗೆ ಇದು ಸರಿಬರಲಿಲ್ಲ. ಪರದೆ ಎತ್ತಿ ಇಳಿಸಿ ಎಲೆ ಬಾಡಿದರೆ ಯಾರು ಹೊಣೆ ಎಂದು ಬಂದು ಕೂಗಾಡಿದರು. ಆ ಹೊತ್ತಿಗೆ ನಾನೂ ಅಲ್ಲಿದ್ದೆ, ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ನನಗೆ ಅವಕಾಶವೇ ಸಿಗಲಿಲ್ಲ. ಅವ್ವ ಒಳಗಿನ ಪರದೆ ಸರಿಯಾಗಿ ಬಿದ್ದಿದೆಯೇ ಎಂದು ಕೈಯಾಡಿಸಿ ನೋಡಿ ಹೇಳಿದಳು: "ಎಲಿ ಒಳಗ ಐತ್ರಿ ಸಾವ್ಕಾರ್ರ. ಅದಕ್ಕೇನೂ ಆಗಿಲ್ಲ, ಮುಟ್ಟಿ ನೋಡ್ರಿ. ಹೊರಗ ಬಂದಾಕಿ ನಾನು." ಸಾವಕಾರರು ಮುಟ್ಟಿ ನೋಡಿದರು. ಎಲೆ ತಣ್ಣಗಿತ್ತು. ಯುಗಾದಿ ಬಂದಾಗ ಅವ್ವನ ಜಾಗದ ಮಾತನ್ನು ಅವರು ಎತ್ತಲಿಲ್ಲ. ಆದರೆ ಅವ್ವ ಆಗಲೂ ಕಂಬ ಹಿಡಿದೇ ಏಳುತ್ತಿದ್ದಳು, ನನಗೆ ಒಳಗೊಳಗೇ ಭಯವಿತ್ತು. ಔಷಧ ತುಂಬಿದ ತಕ್ಷಣ ಎಲುಬು ಗಟ್ಟಿಯಾಗುವುದಿಲ್ಲ, ತಿಂಗಳುಗಳು ಬೇಕು ಎಂದು ಡಾಕ್ಟರು ಹೇಳುತ್ತಿದ್ದಳು. ಕಾಯುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಆದರೂ ಕಾದೆ.

ಬೇಸಿಗೆಯಲ್ಲಿ ಹಿತ್ತಲಿಗೆ ಹೋಗಿ ತುಸು ಹೊತ್ತಿಗೇ ಒಳಗೆ ಓಡಿ ಬಂದರು, ಮಳೆಗಾಲದಲ್ಲಿ ಮೋಡ ಕಳೆಯಲೆಂದು ಕತ್ತು ಎತ್ತಿ ಕೂತರು. ಡಾಕ್ಟರು ಪುಡಿಯನ್ನು ತಿಂಗಳಿಗೊಂದಕ್ಕೆ ಇಳಿಸಿದಳು. ನೋವು ಯಾವಾಗ ಬಿಟ್ಟುಹೋಯಿತೆಂದು ಅವ್ವನಿಗೇ ಗೊತ್ತಿಲ್ಲ. ಕೇಳಿದರೆ "ಹೋತ್ ನೋಡು, ಹೇಳಿ ಹೋಗಲಿಲ್ಲ" ಎನ್ನುತ್ತಾಳೆ.

ದಸರೆಯ ರಜೆಗೆ ನಾನು ಸವಣೂರಿಗೆ ಹೋದೆ. ಹಬ್ಬದ ಎಲೆಯ ಗಡಿಬಿಡಿ. ಮಧ್ಯಾಹ್ನ ಹಿತ್ತಲಲ್ಲಿ ಬುತ್ತಿ ಬಿಚ್ಚಿದರು. ಅವ್ವ ಬಿಸಿಲಿನಲ್ಲಿ ಕಾಲು ಚಾಚಿ ಕೂತಿದ್ದಳು, ನಾನು ಗೋಡೆಯ ಬುಡದಲ್ಲಿ ನೆರಳು ಇದ್ದ ಕಡೆ, ಕೊಡೆ, ಕೈಗವಸು ಪಕ್ಕಕ್ಕಿಟ್ಟುಕೊಂಡು. ಊಟ ಮುಗಿಯಿತು. ರೂಢಿಯಂತೆ ನಾನು ಕೂತಲ್ಲಿಂದಲೇ ಎಡಗೈ ನೆಲಕ್ಕೂರಿ, ಮುಂದೆ ಬಾಗಿ, ಬಲಗೈಯನ್ನು ಅವಳತ್ತ ಚಾಚಿದೆ, ಹಿಡಿದುಕೋ ಎಂದು.

ಹಿಡಿಯಲು ಯಾರೂ ಇರಲಿಲ್ಲ. ಅವ್ವ ಆಗಲೇ ಎದ್ದು ನಿಂತಿದ್ದಳು. ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ನೀರಿನ ತಂಬಿಗೆ. ಕಂಬವಿಲ್ಲ, ಗೋಡೆಯಿಲ್ಲ. ತಾನು ಏನು ಮಾಡಿದೆನೆಂಬುದು ಅವಳ ಗಮನಕ್ಕೇ ಬಂದಿರಲಿಲ್ಲ. ನನಗೆ ಬಂದ ಸಂತೋಷಕ್ಕೆ ಕಣ್ಣು ತುಂಬಿತು. ಅದನ್ನು ಮರೆಸಲು ನಾನೂ ಏಳಹೋದೆ. ತೊಡೆಗಳು ಕೇಳಲಿಲ್ಲ. ಅರ್ಧಕ್ಕೆ ಎದ್ದು, ಧೊಪ್ಪನೆ ಕೂತೆ.

ಅವ್ವ ಮೊದಲು ನಕ್ಕಳು, ಆಮೇಲೆ ಆ ನಗು ನಿಂತುಹೋಯಿತು. ಕೊಡೆ ನೋಡಿದಳು, ಕೈಗವಸು ನೋಡಿದಳು, ನನ್ನ ಮುಖ ನೋಡಿದಳು. ತಂಬಿಗೆಯನ್ನೂ ಬುತ್ತಿಯನ್ನೂ ಕೆಳಗಿಟ್ಟಳು.

"ನೀ ಏನ ಎಲಿ ಏನು, ನೆಳ್ಳಾಗ ಕುಂಡ್ರಾಕ?" ಎಂದು ಬೈದು, ಎರಡೂ ಕೈ ಚಾಚಿ ನನ್ನನ್ನು ಎಬ್ಬಿಸಿ, ಬಿಸಿಲಿಗೆ ಎಳೆದು ನಿಲ್ಲಿಸಿದಳು.